ಸಣ್ಣಗಾಗುವ ಪುಡಿ ಮತ್ತು ಸೀತಾರಾಮಯ್ಯನವರು

ಸೀತಾರಾಮಯ್ಯನವರು ಯಾರ ಮನೆಯ ಮಗುವನ್ನೇ ಎತ್ತಿಕೊಳ್ಳಲಿ, ಮುದ್ದು ಮಾಡುವುದಕ್ಕೆ ಮೊದಲು ಅದರ ತೂಕ ಹೇಳುತ್ತಿದ್ದರು. ನನಗೆ ಅವರ ಸರಿಯಾದ ಪರಿಚಯವಾದದ್ದೂ ಹಾಗೆಯೇ. ಬಾಣಂತನ ಮುಗಿಸಿಕೊಂಡು ಜಯನಗರದ ಟಿ ಬ್ಲಾಕಿನ ಗಂಡನ ಮನೆಗೆ ನಾನು ಬಂದ ವಾರ ಪಕ್ಕದ ಮನೆಯ ಇವರು ಮಗು ನೋಡಲು ಬಂದರು. ತೊಟ್ಟಿಲಿನಿಂದ ಮಗುವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ, "ಐದು ಕೆಜಿ ಇನ್ನೂರು. ಬಟ್ಟೆ ಬಿಟ್ಟು," ಎಂದರು. ಆ ಬೆಳಿಗ್ಗೆ ತಾನೇ ಡಾಕ್ಟರ ಹತ್ತಿರ ತೂಕ ಮಾಡಿಸಿಕೊಂಡು ಬಂದಿದ್ದ ನಾನು, ಐದೂವರೆ ಎಂದು ಹೆಮ್ಮೆಯಿಂದ ತಿದ್ದಿದೆ. "ಹಾಗಾದ್ರೆ ಆ ಡಾಕ್ಟರ ತಕ್ಕಡಿ ಸರಿಯಿಲ್ಲಮ್ಮ," ಎಂದು ಮಗುವನ್ನು ಮಲಗಿಸಿ ಹೋದರು. ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಡಾಕ್ಟರ ಬಳಿಗೆ ಹೋಗಿ, ಕೈಚೀಲದಿಂದ ತಮ್ಮ ಹಿತ್ತಾಳೆಯ ತೂಕದ ಬಟ್ಟುಗಳನ್ನು ತೆಗೆದಿಟ್ಟು, ತಕ್ಕಡಿಯನ್ನು ಪರೀಕ್ಷಿಸಿ ಸರಿ ಮಾಡಿಸಿಯೇ ಬಂದರು. ನನ್ನ ಮಗು ಒಂದೇ ದಿನದಲ್ಲಿ ಮುನ್ನೂರು ಗ್ರಾಂ ಕಳೆದುಕೊಂಡಿತು. ನಮ್ಮತ್ತೆ ಅದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ನಿವೃತ್ತಿ ಸರ್ಕಾರದ ದೃಷ್ಟಿಯಲ್ಲಿ ಮಾತ್ರ. ತರಕಾರಿ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅರ್ಧ ಕೆಜಿಯ ಬಟ್ಟು ಇರಲೇಬೇಕು. ಅದರ ಭಾರಕ್ಕೆ ಅವರ ಜುಬ್ಬದ ಬಲಗಡೆ ಯಾವಾಗಲೂ ಒಂದು ಗೇಣು ಕೆಳಕ್ಕೆ ಜೋಲುತ್ತಿತ್ತು. ಅವರು ಬರುವುದು ಕಂಡರೆ ದಿನಸಿ ಅಂಗಡಿಯವನು ತಕ್ಕಡಿಯ ತಟ್ಟೆಯ ಅಡಿಯನ್ನು ಒಮ್ಮೆ ಒರೆಸಿಕೊಳ್ಳುತ್ತಿದ್ದ. ಅಲ್ಲಿ ಹುಣಸೆಹಣ್ಣು ಅಂಟಿಸುವ ಅಭ್ಯಾಸ ಅವನಿಗಿತ್ತೋ ಇಲ್ಲವೋ, ಒರೆಸುವ ಅಭ್ಯಾಸವಂತೂ ಇತ್ತು. "ಬಾಯಿ ಹೇಳೋದನ್ನ ಕೇಳ್ಬೇಡಿ ಲಲಿತಮ್ಮ, ಮುಳ್ಳು ಹೇಳೋದನ್ನ ಕೇಳಿ," ಎಂದು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಸ್ವತಃ ಅವರು ಭಾರಿ ಆಳು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಆಟೋ ಹತ್ತುವ ಮುಂಚೆ ಡ್ರೈವರಿಗೆ, "ನಾನು ತೊಂಬತ್ತಾರು ಕೆಜಿ ಇದೀನಿ ಕಣಪ್ಪ, ಟೈರು ನೋಡ್ಕೋ," ಎಂದು ತಿಳಿಸಿಯೇ ಹತ್ತುತ್ತಿದ್ದರು. ಕೆಲಸದಲ್ಲಿದ್ದಾಗ ಅವರು ಸ್ವಂತ ಮಾವನ ಅಂಗಡಿಯ ಮೇಲೆ ಕೇಸು ಹಾಕಿದ್ದರಂತೆ. ಎರಡು ಕೆಜಿಯ ಬಟ್ಟು ಸವೆದಿತ್ತು, ಅಷ್ಟೆ. ಹೆಂಡತಿ ಒಂದು ವರ್ಷ ಮಾತಾಡಲಿಲ್ಲ. ಆ ವರ್ಷವನ್ನು ಅವರು ನೆನೆಸಿಕೊಳ್ಳುತ್ತಿದ್ದ ರೀತಿಯೂ ವಿಚಿತ್ರ. "ಪಾಪ, ಆಕೆ ಹೇಳೋದೂ ಸರಿಯೇ. ಆದ್ರೆ ಬಟ್ಟು ಸವೆದಿತ್ತಲ್ಲ," ಎನ್ನುತ್ತಿದ್ದರು. ನಾನು ಆ ಬೀದಿಗೆ ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಜೊತೆಗಿದ್ದದ್ದು ಅವರ ತಂಗಿ ಕಮಲಮ್ಮ.

ಕಮಲಮ್ಮನ ಗಂಡ ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದರು. ಅಣ್ಣನ ಮನೆಯಲ್ಲಿ ಆಕೆಗೆ ಯಾವ ಕೊರತೆಯೂ ಇರಲಿಲ್ಲ, ಆಕೆಯ ಸಂಕಟವೂ ಅದೇ. ಕಾಂಪೌಂಡಿನ ಗೋಡೆಯ ಆಚೆ ನಿಂತು ಹಪ್ಪಳ ಒಣಹಾಕುತ್ತಾ ನನ್ನೊಡನೆ ಒಮ್ಮೆ, "ಅಣ್ಣ ದೇವರಂಥೋನು ಲಲಿತಾ. ಆದ್ರೆ ದೇವರ ಮನೇಲಿ ಎಷ್ಟು ದಿನಾಂತ ಪ್ರಸಾದ ತಿನ್ಕೊಂಡು ಇರೋದು? ನನ್ನದೂ ಅಂತ ಒಂದು ಒಲೆ ಬೇಡ್ವಾ?" ಎಂದಿದ್ದರು. ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲ ಮಾಡಿ ಮಾರಿ ನೋಡಿದರು. ಟಿ ಬ್ಲಾಕಿನಲ್ಲಿ ಮನೆಗೊಬ್ಬರು ಹಪ್ಪಳ ಮಾಡುವವರು, ಕೊಳ್ಳುವವರು ಯಾರು? ಕೊನೆಗೆ ಆಕೆ ಹಿಡಿದದ್ದು ಸಣ್ಣಗಾಗುವ ಪುಡಿ.

ಅದು ಉಪ್ಪಾಗೆ ಎಂಬ ಮಲೆನಾಡಿನ ಕಾಡುಹಣ್ಣಿನ ಸಿಪ್ಪೆಯ ಪುಡಿ. ಶಿರಸಿ ಕಡೆಯ ನೆಂಟರೊಬ್ಬರು ಒಣಗಿಸಿದ ಸಿಪ್ಪೆಯನ್ನು ಚೀಲಗಟ್ಟಲೆ ತಂದುಕೊಡುತ್ತಿದ್ದರು. ಹುಳಿ ಎಂದರೆ ಹಲ್ಲು ಜುಮ್ಮೆನ್ನುವ ಹುಳಿ. ಅದಕ್ಕೆ ಶುಂಠಿ, ಮೆಣಸು, ಜೀರಿಗೆ ಸೇರಿಸಿ ಕುಟ್ಟಿ, ವಸ್ತ್ರಗಾಳಿಸಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಿಸಿನೀರಿಗೆ ಹಾಕಿಕೊಂಡು ಕುಡಿದರೆ ಮೈ ಇಳಿಯುತ್ತದೆಂದು ಕಮಲಮ್ಮ ನಂಬಿದ್ದರು. ಸುಮ್ಮನೆ ಮಾರುವ ಮಾತಾಗಿರಲಿಲ್ಲ, ನಿಜವಾಗಿ ನಂಬಿದ್ದರು. ನಾಲ್ಕನೇ ಬ್ಲಾಕಿನ ಹತ್ತಿರ ಒಂದು ಮಹಿಳಾ ಸಮಾಜವಿತ್ತು, ಅವರದೊಂದು ಮಳಿಗೆ. ಅದರ ಅಧ್ಯಕ್ಷೆ ವಿಮಲಾ ಮೇಡಂ ಪುಡಿಯ ವಿಷಯ ಕೇಳಿ, "ಇಂಥಾದ್ದಕ್ಕೆ ಈಗ ತುಂಬಾ ಡಿಮ್ಯಾಂಡ್ ಇದೆ ಕಮಲಮ್ಮ. ಆದ್ರೆ ಪ್ರೂಫ್ ಕೇಳ್ತಾರೆ. ನಿಮ್ಮಣ್ಣನ ಮಾತು ಅಂದ್ರೆ ಈ ಏರಿಯಾದಲ್ಲಿ ಯಾರೂ ಎರಡು ಮಾತಾಡಲ್ಲ. ತೂಕ ಇಳಿಯತ್ತೆ ಅಂತ ಅವರು ಒಂದು ಸಾಲು ಬರ್ಕೊಟ್ರೆ, ಮಳಿಗೇಲಿ ಒಂದು ಬೀರು ನಿಮಗೇ," ಎಂದರು.

ಒಂದು ಸಾಲು ತಾನೇ, ಅದೂ ಒಡಹುಟ್ಟಿದವನಿಂದ ಎಂದುಕೊಂಡು ಕಮಲಮ್ಮ ಕುಣಿಯುತ್ತಾ ಮನೆಗೆ ಬಂದರು. ಮುಂದಿನ ಮಾತುಕತೆ ಗೋಡೆಯ ಈಚೆ ನಿಂತಿದ್ದ ನನಗೆ ಪೂರ್ತಿ ಕೇಳಿಸಿತು.

"ಇಳಿಯತ್ತೆ ಅಂತ ನಿನಗೆ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರಣ್ಣ. ಇಲಿಗಳಿಗೆ ಕೊಟ್ಟು ನೋಡಿದಾರಂತೆ, ಊಟ ಕಡಿಮೆ ಮಾಡಿದ್ವಂತೆ."

"ಇಲಿ ಮದುವೆ ಮನೆಗೆ ಊಟಕ್ಕೆ ಹೋಗತ್ತಾ?"

"ಹೋಗತ್ತೆ. ಲಗ್ನಪತ್ರಿಕೆ ಕೊಡದೇ ಇದ್ರೂ ಹೋಗತ್ತೆ."

ಆಮೇಲೆ ಸೀತಾರಾಮಯ್ಯನವರು, "ತೂಕ ಮಾಡಿ ನೋಡ್ತೀನಿ. ಇಳಿದ್ರೆ ಒಂದು ಸಾಲಲ್ಲ, ಒಂದು ಪುಟ ಬರ್ಕೊಡ್ತೀನಿ," ಎಂದರು.

ಹೀಗೆ ನಮ್ಮ ಬೀದಿಯಲ್ಲಿ ಪರೀಕ್ಷೆ ಶುರುವಾಯಿತು. ಹನ್ನೆರಡು ಹೆಂಗಸರನ್ನು ಕಮಲಮ್ಮನೇ ಒಪ್ಪಿಸಿ ಕರೆತಂದರು. ಬಾಣಂತನದ ತುಪ್ಪ ಮೈಮೇಲೆ ಹಾಗೇ ಉಳಿದಿದ್ದ ನಾನು ಅವರಲ್ಲಿ ಒಬ್ಬಳು, ನಮ್ಮತ್ತೆ ಇನ್ನೊಬ್ಬರು. ಆರು ಜನಕ್ಕೆ ನಿಜವಾದ ಪುಡಿ, ಆರು ಜನಕ್ಕೆ ಉಪ್ಪಾಗೆಯ ಬದಲು ಒಣ ಮಾವಿನಕಾಯಿ ಹಾಕಿದ ಸುಳ್ಳು ಪುಡಿ. ಯಾರಿಗೆ ಯಾವುದೆಂದು ಕುಡಿಯುವವರಿಗೂ ತಿಳಿಯಬಾರದು, ಕಮಲಮ್ಮನಿಗೂ ತಿಳಿಯಬಾರದು. ಪೊಟ್ಟಣಗಳ ಮೇಲೆ ಬರೀ ನಂಬರು. ಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅರಗು ಒತ್ತಿ, ಸೌದೆ ಡಿಪೋದ ಮುನಿಯಪ್ಪನ ವಶಕ್ಕೆ ಕೊಟ್ಟರು. ನೆಂಟಸ್ತಿಕೆ ಇಲ್ಲದವನು ಅವನೊಬ್ಬನೇ ಎಂಬುದು ಕಾರಣ. ಮುನಿಯಪ್ಪ ಅದನ್ನು ಮುನೇಶ್ವರನ ಪಟದ ಹಿಂದಿಟ್ಟು ದಿನಾ ಊದುಬತ್ತಿ ಹಚ್ಚಿದ.

ತೂಕವೂ ಮುನಿಯಪ್ಪನ ಡಿಪೋದಲ್ಲೇ. ಸೀತಾರಾಮಯ್ಯನವರಿಗೆ ಆ ಬಡಾವಣೆಯಲ್ಲಿ ನಂಬಿಕೆಯಿದ್ದದ್ದು ಸೌದೆ ತೂಗುವ ಆ ದೊಡ್ಡ ಹಲಗೆ ತಕ್ಕಡಿಯ ಮೇಲೆ ಮಾತ್ರ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಕಾಫಿಗೂ ಮೊದಲು, ಜಯನಗರದ ಮರ್ಯಾದಸ್ಥ ಗೃಹಿಣಿಯರು ಸಾಲಾಗಿ ನಿಂತು, ಸರ್ವೆ ಕಟ್ಟಿಗೆ ಏರುವ ಹಲಗೆಯ ಮೇಲೆ ಏರಬೇಕು. ಮೊದಲ ಭಾನುವಾರ ನಾವೆಲ್ಲ ಹಬ್ಬದ ಹೊಸ ಸೀರೆ ಉಟ್ಟು ಹೋಗಿದ್ದೆವು. ನಾಲ್ಕು ಜನರೆದುರು ನಿಲ್ಲುವಾಗ ಹಳೇ ಸೀರೆ ಉಡಲಾಗುತ್ತದೆಯೇ? ಸೀತಾರಾಮಯ್ಯನವರು ನಮ್ಮನ್ನು ನೋಡಿ, "ಜರಿ ಸೀರೆ ಮುಕ್ಕಾಲು ಕೆಜಿ ಬರತ್ತೆ. ಮುಂದಿನ ಸಲ ವಾಯಿಲ್ ಸೀರೆ ಉಟ್ಕೊಂಡು ಬಂದು, ಪುಡಿಯಿಂದ ಇಳಿದೆ ಅಂತೀರ. ಮಧ್ಯಾಹ್ನದೊಳಗೆ ಈ ಸೀರೆ ಎಲ್ಲ ನಮ್ಮನೆಗೆ ಕಳಿಸಿ, ತೂಕ ಕಳೀಬೇಕು," ಎಂದರು. ಆ ಮಧ್ಯಾಹ್ನ ಅವರ ಜಗುಲಿಯಲ್ಲಿ ಹನ್ನೆರಡು ರೇಷ್ಮೆ ಸೀರೆಗಳು ರಾಶಿ ಬಿದ್ದಿದ್ದವು. ದಾರಿಹೋಕರು ಅಂಗಡಿಯೆಂದು ತಿಳಿದು ಗೇಟು ತೆಗೆದು ಬಂದರು.

ಅಷ್ಟು ಹುಷಾರಿನ ಮನುಷ್ಯ ಅವರು. ಪ್ರತಿ ಭಾನುವಾರ ನಮ್ಮನ್ನು ತೂಗುವ ಮುನ್ನ ಬಟ್ಟುಗಳನ್ನಿಟ್ಟು ತಕ್ಕಡಿಯನ್ನು ಪರೀಕ್ಷಿಸುತ್ತಿದ್ದರು. ಕಾಲ್ಗೆಜ್ಜೆ, ಕರಿಮಣಿ, ಕೀ ಗೊಂಚಲು ಎಲ್ಲ ಕಳೆದು ಬರೆದುಕೊಳ್ಳುತ್ತಿದ್ದರು. ನಾನು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದುದರಿಂದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ವಾರ ಕಳೆದಂತೆ ನನಗೆ ಪುಡಿಯ ಮೇಲೆ ಭಕ್ತಿಯೇ ಹುಟ್ಟಿತು. ಲಂಗದ ಲಾಡಿ ಸಡಿಲಾಗಿದೆ, ಹಸಿವೇ ಆಗುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ ಎಂದು ಆಫೀಸಿನಲ್ಲೆಲ್ಲ ಸಾರಿದೆ. ಮ್ಯಾನೇಜರ್ ಹೆಂಡತಿಗೆ ಒಂದು ಪೊಟ್ಟಣ ಮುಂಗಡವಾಗಿ ಬುಕ್ ಮಾಡಿಯೂ ಆಗಿತ್ತು.

ಹತ್ತು ವಾರ ಮುಗಿಯಿತು. ಕೊನೆಯ ತೂಕದ ದಿನ ವಿಮಲಾ ಮೇಡಂ ಕೂಡ ಸ್ವೆಟರ್ ಹಾಕಿಕೊಂಡು ಡಿಪೋಗೆ ಬಂದಿದ್ದರು. ಒಬ್ಬೊಬ್ಬರೇ ಹತ್ತಿ ಇಳಿದೆವು. ಇಳಿದಿದೆ, ಇಳಿದಿದೆ, ಇಳಿದಿದೆ. ಹನ್ನೆರಡಕ್ಕೆ ಹನ್ನೆರಡೂ ಇಳಿದಿತ್ತು. ಕಮಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುನಿಯಪ್ಪ ಪಟದ ಹಿಂದಿನಿಂದ ಲಕೋಟೆ ತಂದ. ಅರಗು ಒಡೆದು ಸೀತಾರಾಮಯ್ಯನವರು ಓದಿದರು. ಅವರ ಹುಬ್ಬು ಗಂಟಿಕ್ಕಿತು. ನಿಜವಾದ ಪುಡಿ ಕುಡಿದವರಷ್ಟೇ ಸುಳ್ಳು ಪುಡಿ ಕುಡಿದವರೂ ಇಳಿದಿದ್ದರು. ಎಲ್ಲರಿಗಿಂತ ಹೆಚ್ಚು ಇಳಿದವಳು ನಾನು, ಹತ್ತು ವಾರ ಬರೀ ಮಾವಿನಕಾಯಿ ಪುಡಿ ಕುಡಿದವಳು. ಇಷ್ಟು ದಿನ ಆಗದಿದ್ದ ಹಸಿವು ನನಗೆ ಆ ಕ್ಷಣವೇ ಆಯಿತು.

"ಹಾಗಾದ್ರೆ ಎರಡೂ ಪುಡಿ ಇಡೋಣ," ಎಂದರು ವಿಮಲಾ ಮೇಡಂ.

ಆಗ ನಮ್ಮತ್ತೆ ಹಿಂದಿನಿಂದ, "ಬೇಗ ಮುಗಿಸಪ್ಪ ಸೀತಾರಾಮ, ಪಾರಣೆಗೆ ಹೊತ್ತಾಗ್ತಿದೆ. ನಿನ್ನೆಯಿಂದ ಗಂಟಲಿಗೆ ಒಂದು ತೊಟ್ಟು ನೀರಿಳಿದಿಲ್ಲ," ಎಂದರು.

"ಯಾಕೆ?"

"ಯಾಕೆ ಅಂದ್ರೆ? ನಿನ್ನೆ ವೈಕುಂಠ ಏಕಾದಶಿ ಅಲ್ವೇನಪ್ಪ?"

"ನೀವೊಬ್ಬರೇನಾ ಉಪವಾಸ?"

"ಎಲ್ಲರೂನೂ. ಬಸ್ಸಲ್ಲಿ ಕಾಲಿಡಕ್ಕೂ ಜಾಗ ಇರ್ಲಿಲ್ಲ ಅಂತ ವಸಂತಪುರದ ದೇವಸ್ಥಾನಕ್ಕೆ ಹೋಗಿ ಬರೋದೂ ನಡ್ಕೊಂಡೇ ಆಯ್ತು. ಧನುರ್ಮಾಸ ಹಿಡಿದ ಮೇಲೆ ದಿನಾ ಬೆಳಗಿನ ಜಾವ ಪ್ರದಕ್ಷಿಣೆ ಬೇರೆ."

ಸೀತಾರಾಮಯ್ಯನವರು ಮೆಲ್ಲಗೆ, "ಮೊದಲನೇ ತೂಕ ಯಾವತ್ತು ಮಾಡಿದ್ದು?" ಎಂದು ನನ್ನನ್ನು ಕೇಳಿದರು. ನಾನು ಪಟ್ಟಿ ನೋಡಿ ತಾರೀಖು ಹೇಳುವಷ್ಟರಲ್ಲಿ ನಮ್ಮತ್ತೆಯೇ, "ದೀಪಾವಳಿ ಆದ ಮೇಲಿನ ಭಾನುವಾರ. ಮೂರು ದಿನ ಹೋಳಿಗೆ, ಕಜ್ಜಾಯ ತಿಂದು ನನಗೆ ಹಲಗೆ ಹತ್ತಕ್ಕೇ ಆಗ್ಲಿಲ್ಲ, ನೆನಪಿಲ್ವಾ?" ಎಂದರು.

ಸೀತಾರಾಮಯ್ಯನವರು ಅಲ್ಲೇ ಸೌದೆಯ ರಾಶಿಯ ಮೇಲೆ ಕುಳಿತುಬಿಟ್ಟರು. ಹೋಳಿಗೆ ತಿಂದು ಏರಿದವರನ್ನು ನಿರ್ಜಲ ಉಪವಾಸ ಮಾಡಿ ಇಳಿದವರೊಂದಿಗೆ ಹೋಲಿಸಿದ್ದರು. ಸೀರೆ ಕಳೆದಿದ್ದರು, ಗೆಜ್ಜೆ ಕಳೆದಿದ್ದರು, ಪಂಚಾಂಗ ನೋಡಿರಲಿಲ್ಲ. ಅವರ ಬಳಿ ಇದ್ದದ್ದು ಸರ್ಕಾರಿ ರಜೆಗಳ ಡೈರಿ. ಸ್ವಂತಕ್ಕೆ ಅವರಿಗೆ ಏಕಾದಶಿಯೆಂದರೆ ಅನ್ನದ ಬದಲು ಎರಡು ತಟ್ಟೆ ಉಪ್ಪಿಟ್ಟು. ನಡುವಿನ ವಾರಗಳಲ್ಲಿ ತೂಕ ಎತ್ತ ಹೋಗಿತ್ತೆಂದು ಪಟ್ಟಿ ತಿರುಗಿಸಿದರೆ, ಅದು ಒಂದು ವಾರ ಮೇಲೆ, ಒಂದು ವಾರ ಕೆಳಗೆ, ಮದುವೆಯ ಕರೆಯೋಲೆ ಬಂದ ಹಾಗೆಲ್ಲ ಕುಣಿದಿತ್ತು. ಜೊತೆಗೆ ವಿಚಾರಣೆಯಲ್ಲಿ ಇನ್ನೊಂದೂ ಹೊರಬಿತ್ತು. ಆ ಹುಳಿಯನ್ನು ಬರಿಹೊಟ್ಟೆಗೆ ಕುಡಿಯಲಾರದೆ ಐದು ಮನೆಗಳಲ್ಲಿ ಅದನ್ನು ಸಾರಿಗೆ ಹಾಕಿದ್ದರು. ಮನೆಮಂದಿಯೆಲ್ಲ ಸೊರ್ರೆಂದು ಸುರಿದುಕೊಂಡು ಒಂದು ತುತ್ತು ಹೆಚ್ಚೇ ಉಂಡಿದ್ದರು.

"ನಿನಗೆ ಏಕಾದಶಿ ಗೊತ್ತಿರ್ಲಿಲ್ವಾ ಕಮಲ?"

"ಗೊತ್ತಿತ್ತು. ನೀನು ಕೇಳ್ಲಿಲ್ಲ."

ಅವರು ತಂಗಿಯ ಮುಖವನ್ನೇ ನೋಡಿದರು. ಆಕೆ ತಲೆ ತಗ್ಗಿಸಲಿಲ್ಲ. ಆ ದಿನದ ಮಾತು ಡಿಪೋದಲ್ಲಿ ಮುಗಿಯದೆ ಮನೆಯಲ್ಲಿ ಮುಂದುವರಿಯಿತು, ನಾನು ಪಟ್ಟಿ ಕೊಡಲು ಹೋಗಿ ನಡುವೆ ಸಿಕ್ಕಿಕೊಂಡೆ.

"ಒಂದು ಸಾಲು ಅಣ್ಣ. ತೂಕ ಇಳಿದಿದ್ದು ಸುಳ್ಳೇನಲ್ಲವಲ್ಲ. ಇಳಿದಿದೆ ಅಂತಷ್ಟೇ ಬರಿ, ಯಾತಕ್ಕೆ ಅಂತ ಬರೀಬೇಡ."

"ಅದು ತಟ್ಟೆ ಕೆಳಗೆ ಹುಣಸೆಹಣ್ಣು ಅಂಟಿಸಿದ ಹಾಗೆ."

"ನಾನು ನಿನ್ನ ತಂಗಿ."

"ತಂಗಿ ಅಂತ ಮುಳ್ಳು ಬಗ್ಗಲ್ಲ ಕಮಲ."

"ಮುಳ್ಳು ಬಗ್ಗೋದು ಬೇಡ. ನೀನು ಬಗ್ಗು."

"ಈ ಮನೇಲಿ ನಿನಗೆ ಏನು ಕಡಿಮೆಯಾಗಿದೆ?"

"ಅದೇ," ಎಂದರು ಕಮಲಮ್ಮ. "ಈ ಮನೆ ನಿಂದು."

ಸೀತಾರಾಮಯ್ಯನವರು ಪರೀಕ್ಷೆಯನ್ನು ಮತ್ತೆ ಮಾಡುತ್ತೇನೆಂದು ಪಂಚಾಂಗ ತರಿಸಿಕೊಂಡು, ಕನ್ನಡಕ ಏರಿಸಿ, ಒಂದು ಸಂಜೆಯೆಲ್ಲ ಕುಳಿತರು. ಹಬ್ಬ, ಉಪವಾಸ, ಮದುವೆ ಲಗ್ನ ಇಲ್ಲದ ಹತ್ತು ವಾರ ಬೇಕಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ದಾಟಿದರೆ ರಥಸಪ್ತಮಿ, ಅದು ದಾಟಿದರೆ ಶಿವರಾತ್ರಿ, ಯುಗಾದಿ, ರಾಮನವಮಿಯ ಕೋಸಂಬರಿ, ಆಮೇಲೆ ಮದುವೆಗಳು, ಶ್ರಾವಣದಲ್ಲಂತೂ ಕೇಳುವುದೇ ಬೇಡ. ಮೂರು ವಾರಕ್ಕಿಂತ ಉದ್ದದ ಬಿಡುವು ಎಲ್ಲೂ ಇರಲಿಲ್ಲ. "ಇಲಿಗಳೇ ವಾಸಿ ಲಲಿತಮ್ಮ," ಎಂದು ಪಂಚಾಂಗ ಮುಚ್ಚಿದರು.

ಕೊನೆಗೆ ಪತ್ರ ಬರೆದರು. ನಾನೇ ಕಚೇರಿಯ ಮೆಷಿನ್ನಿನಲ್ಲಿ ಟೈಪ್ ಮಾಡಿಕೊಟ್ಟದ್ದರಿಂದ ಬಾಯಿಪಾಠವಾಗಿದೆ: "ಈ ಪುಡಿಯಿಂದ ತೂಕ ಇಳಿಯುತ್ತದೆಂದು ನಾನು ಹೇಳಲಾರೆ. ಇಳಿಯುವುದಿಲ್ಲವೆಂದೂ ಹೇಳಲಾರೆ. ಪರೀಕ್ಷೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಪುಡಿಯದಲ್ಲ. ಐದು ಮನೆಗಳಲ್ಲಿ ಇದನ್ನು ಸಾರಿಗೆ ಬಳಸಿದ್ದು, ಸಾರು ಬಹಳ ರುಚಿಯಾಗಿತ್ತೆಂದು ವಿಚಾರಣೆಯಿಂದ ತಿಳಿದುಬಂದಿದೆ. ಪೊಟ್ಟಣಗಳ ತೂಕ ಕರಾರುವಾಕ್ಕಾಗಿದೆ."

ಕಮಲಮ್ಮ ಎರಡು ತಿಂಗಳು ಅಣ್ಣನೊಡನೆ ಮಾತು ಬಿಟ್ಟರು. ಎಲ್ಲ ವ್ಯವಹಾರವೂ ಗೋಡೆಯ ಮೇಲಿಂದ ನನ್ನ ಮೂಲಕ. "ಲಲಿತಾ, ಇನ್ಸ್‌ಪೆಕ್ಟರಿಗೆ ಹೇಳು, ಕಾಫಿ ಆರ್ತಿದೆ." ಇನ್ಸ್‌ಪೆಕ್ಟರು ಎರಡು ಮಾರು ದೂರದಲ್ಲೇ ಕುಳಿತಿರುತ್ತಿದ್ದರು. ಅಷ್ಟರಲ್ಲಿ ಆ ಐದು ಮನೆಗಳ ಪುಡಿ ಖಾಲಿಯಾಗಿ, ಗಂಡಸರು ಸಾರು ಸಪ್ಪೆಯೆಂದು ಗೊಣಗಲಾರಂಭಿಸಿದ್ದರು. ಒಬ್ಬರು ಬಂದು ಪುಡಿ ಕೇಳಿದರು, ಇನ್ನೊಬ್ಬರು ಕೇಳಿದರು. ಕಮಲಮ್ಮನಿಗೆ ಮೊದಲು ಅವಮಾನವೇ ಆಯಿತು, ತಮ್ಮ ಔಷಧವನ್ನು ಒಗ್ಗರಣೆಗೆ ಇಳಿಸಿದರಲ್ಲ ಎಂದು. ಆಮೇಲೆ ಒಂದು ಬೆಳಿಗ್ಗೆ ಅದಕ್ಕೆ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಹುರಿದು ಸೇರಿಸಿದ ಘಮಲು ನಮ್ಮ ಮನೆಯವರೆಗೂ ಬಂತು. ವಿಮಲಾ ಮೇಡಂ ಮಳಿಗೆಯಲ್ಲಿ ಬೀರು ಕೊಟ್ಟರು, ಸಾರಿನ ಪುಡಿಗೆ. ಎರಡು ವರ್ಷದೊಳಗೆ ಕಮಲಮ್ಮ ಬನಶಂಕರಿಯಲ್ಲಿ ಒಂದು ಪುಟ್ಟ ಬಾಡಿಗೆ ಮನೆ ಹಿಡಿದು, ಸ್ವಂತ ಒಲೆ ಹಚ್ಚಿದರು. ಹಾಲು ಉಕ್ಕಿಸಿದ ದಿನ ಮೊದಲ ಎಲೆ ಅಣ್ಣನಿಗೇ ಹಾಕಿದ್ದರು. ಅಂದಿನಿಂದ ಸೀತಾರಾಮಯ್ಯನವರು ಪ್ರತಿ ಭಾನುವಾರ ಅಲ್ಲಿಗೆ ನಡೆದು ಹೋಗಿ ಊಟ ಮಾಡಿ, "ಉಪ್ಪು ಒಂದು ಹರಳು ಕಡಿಮೆ," ಎಂದು ವರದಿ ಒಪ್ಪಿಸಿ ಬರುತ್ತಿದ್ದರು. ತೊಂಬತ್ತೆಂಟು ಕೆಜಿಗೆ ಏರಿದರು.

ಅವರು ಕಾಯಿಲೆ ಬಿದ್ದದ್ದು ಇದಾಗಿ ನಾಲ್ಕೈದು ವರ್ಷಕ್ಕೆ. ಹೊಟ್ಟೆಯೊಳಗಿನ ಕಾಯಿಲೆ. ಅಂಥ ಮೈ ತಿಂಗಳೊಪ್ಪತ್ತಿನಲ್ಲಿ ಕರಗಿಹೋಯಿತು. ಅವರನ್ನು ಹಾಗೆ ನೋಡಲು ನನಗೆ ತುಂಬಾ ಕಷ್ಟವಾಗುತ್ತಿತ್ತು. ನರ್ಸಿಂಗ್ ಹೋಮಿನ ಡಾಕ್ಟರು ಕಮಲಮ್ಮನಿಗೆ, "ತೂಕ ಇಳಿಯೋದು ನಿಲ್ಲಬೇಕಮ್ಮ. ಸ್ವಲ್ಪ ಏರಿದ್ರೂ ಧೈರ್ಯ ತಗೋಬಹುದು," ಎಂದಿದ್ದರು. ಆಕೆ ಆ ಮಾತನ್ನೇ ಹಿಡಿದುಕೊಂಡರು. ಅಂಗಡಿ, ಆರ್ಡರು ಎಲ್ಲ ಬಿಟ್ಟು, ಗಂಜಿ, ತಿಳಿಸಾರು ಎಂದು ಮೂರು ಹೊತ್ತೂ ಬಿಸಿಯಾಗಿ ತಂದು ಚಮಚದಲ್ಲಿ ಕುಡಿಸುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ತೂಕ ನೋಡುವ ದಿನವೇ. ನರ್ಸು ಬೇರೆ ಕೆಲಸದಲ್ಲಿದ್ದಳು. ನಾನೂ ಕಮಲಮ್ಮನೂ ಎರಡು ಕಡೆ ಹಿಡಿದು ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಕೈ ಬಿಟ್ಟೆವು. ಕಮಲಮ್ಮ ಬಗ್ಗಿ ನೋಡಿದರು. ಬಗ್ಗಿದವರು ಸ್ವಲ್ಪ ಹೊತ್ತು ಏಳಲಿಲ್ಲ. ಎದ್ದಾಗ ಮುಖದಲ್ಲಿ ನಗು ತಂದುಕೊಂಡಿದ್ದರು.

"ಅರ್ಧ ಕೆಜಿ ಏರಿದೆ ಅಣ್ಣ."

ನನಗೂ ಕಾಣುತ್ತಿತ್ತು. ಹಿಂದಿನ ವಾರಕ್ಕಿಂತ ಎರಡು ಕೆಜಿ ಕೆಳಗಿತ್ತು. ಸೀತಾರಾಮಯ್ಯನವರು ಕನ್ನಡಕ ಹಾಕಿಕೊಂಡಿದ್ದರು. ತಲೆ ತಗ್ಗಿಸಿ ಮುಳ್ಳನ್ನು ನೋಡಿದರು. ಆಮೇಲೆ ತಂಗಿಯ ಮುಖ ನೋಡಿದರು. ಗೋಡೆಯಿಂದ ತೆಗೆದುಕೊಂಡ ತೂಕದ ಚಾರ್ಟು ನನ್ನ ಕೈಯಲ್ಲಿತ್ತು, ಪೆನ್ನೂ ಇತ್ತು.

"ಬರ್ಕೊಳಿ ಲಲಿತಮ್ಮ," ಎಂದರು. "ಅರ್ಧ ಕೆಜಿ ಏರಿದೆ. ನಾನೇ ನೋಡ್ದೆ."

ನಾನು ಬರೆದುಕೊಂಡೆ.